‘ನಾನೊಬ್ಬ ಡಚ್ಚನಾಗಿದ್ದರೆ’: ಕಲಿತ ಭಾಷೆಯಲ್ಲಿ ಬರೆದ ಪ್ರಬಂಧಗಳು
(ಸಂಘದ ಪ್ರಬಂಧ ಸ್ಪರ್ಧೆಯ ಬಹುಮಾನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)

 

ಈ ವರ್ಷದ ಪ್ರಬಂಧ ಸ್ಪರ್ಧೆಯ ತೀರ್ಪುಗಾರರಲ್ಲಿ ನಾನೂ ಒಬ್ಬಳು. ಬಹುಮಾನ ಕೊಡುವ ಮೊದಲು ಹತ್ತು ನಿಮಿಷ ಮಾತನಾಡಿ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಉರ್ದು, ಕನ್ನಡ ಎರಡನ್ನೂ ಕಲಿಸುವವಳಾದ್ದರಿಂದ ನಾನು ಈ ಎರಡು ಭಾಷೆಗಳ ಬಗ್ಗೆಯೇ ಮಾತನಾಡುತ್ತೇನೆಂದು ನೀವು ಭಾವಿಸಿರಬಹುದು. ಆದರೆ ನಾನು ಹೇಳಲು ಬಂದಿರುವುದು ಡಚ್ ಭಾಷೆಯ ವಿಚಾರ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕಂತಾಯಿತು. ನಗಲಿ, ಬೇಸರವಿಲ್ಲ. ಎರಡು ವರ್ಷದ ಹಿಂದೆ ನನಗೂ ಆ ಭಾಷೆಯ ಬಗ್ಗೆ ಏನೂ ಗೊತ್ತಿರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆದರ್ಲೆಂಡ್ಸಿನ ಐಂಡ್‌ಹೋವನ್ ನಗರದಲ್ಲಿ ಇಂಜಿನಿಯರ್ ಆಗಿದ್ದಾನೆ. ಒಂದು ದಿನ ಫೋನು ಮಾಡಿ, “ಮೇಡಂ, ಇಲ್ಲಿ ನಾನು ಮತ್ತೆ ಒಂದನೆ ಕ್ಲಾಸಿಗೆ ಸೇರಿದ್ದೇನೆ” ಎಂದ. ಸಂಜೆ ಹೊತ್ತು ಡಚ್ ಕಲಿಯಲು ಹೋಗುತ್ತಿದ್ದಾನಂತೆ. ಅವನದೊಂದು ದೂರು. ಅಂಗಡಿಗೆ ಹೋಗಿ ಬಾಯಿಪಾಠ ಮಾಡಿಕೊಂಡ ಡಚ್ ವಾಕ್ಯದಲ್ಲಿ ಬ್ರೆಡ್ ಕೇಳಿದರೆ, ಅಂಗಡಿಯ ಹುಡುಗಿ ಇವನ ಮುಖ ನೋಡಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. “ಥೇಟ್ ನಮ್ಮ ಬೆಂಗಳೂರಿನವರ ಹಾಗೆ ಮೇಡಂ. ಅವರ ಭಾಷೆ ಕಲಿಯೋಣ ಅಂದರೆ ಅವರೇ ಬಿಡುವುದಿಲ್ಲ” ಎಂದು ನಕ್ಕ. ಹೊರದೇಶಗಳಲ್ಲಿ ಡಚ್ ಕಲಿಯುವ ವಿದ್ಯಾರ್ಥಿಗಳಿಗೆ ಪ್ರಬಂಧ ಬಹುಮಾನಗಳಿವೆ ಎಂಬ ವಿಷಯ ಅವನಿಂದಲೇ ತಿಳಿದದ್ದು. ನನಗೆ ಕುತೂಹಲ ಹುಟ್ಟಿತು. ಅಲ್ಲಿಂದ ಓದುತ್ತಾ ಹೋದೆ.

ಡಚ್ ಭಾಷೆಯನ್ನು ಆಡುವವರು ಜಗತ್ತಿನಲ್ಲಿ ಸುಮಾರು ಎರಡೂವರೆ ಕೋಟಿ ಜನ. ನೆದರ್ಲೆಂಡ್ಸ್, ಬೆಲ್ಜಿಯಂ ದೇಶದ ಉತ್ತರ ಭಾಗ, ದಕ್ಷಿಣ ಅಮೆರಿಕದ ಸುರಿನಾಮ್, ಕೆರಿಬಿಯನ್ನಿನ ಕೆಲವು ದ್ವೀಪಗಳು, ಇಷ್ಟೇ ಅದರ ನೆಲೆ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ, ಉರ್ದು ಮಾತೃಭಾಷೆಯವರು 5 ಕೋಟಿ 7 ಲಕ್ಷ. ಅಂದರೆ ನಾವು ನಿತ್ಯ ಆಡುವ ಎರಡು ಭಾಷೆಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಡಚ್ಚಿಗಿಂತ ದೊಡ್ಡದು. ಆದರೆ ಅವರು ಮಾಡಿರುವ ಕೆಲಸ ನೋಡಿ. 1980ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ಒಪ್ಪಂದ ಮಾಡಿಕೊಂಡು ‘ತಾಲ್‌ಯುನಿ’ ಎಂಬ ಭಾಷಾ ಒಕ್ಕೂಟ ಕಟ್ಟಿದವು. 2004ರಲ್ಲಿ ಸುರಿನಾಮ್ ಸಹ ಸದಸ್ಯನಾಗಿ ಸೇರಿತು. ಎರಡು ಸರ್ಕಾರಗಳು ಒಂದು ಭಾಷೆಯ ಕಾಗುಣಿತ, ನಿಘಂಟು, ಪಾಠ ಎಲ್ಲವನ್ನೂ ಕೂಡಿಯೇ ನೋಡಿಕೊಳ್ಳುತ್ತವೆ. ಸುಮಾರು 40 ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಡಚ್ ಪಾಠ ನಡೆಯುತ್ತದೆ. ಲಂಡನ್ ವಿಶ್ವವಿದ್ಯಾಲಯದಲ್ಲಿ 1919ರಲ್ಲೇ ಅದಕ್ಕೊಂದು ಪೀಠ ಆರಂಭವಾಯಿತು. ಪೋಲೆಂಡಿನ ವ್ರೊಟ್ಸ್ವಾಫ್ ನಗರದಲ್ಲಿ ದೊಡ್ಡ ವಿಭಾಗವಿದೆ. ಇಂಡೋನೇಷ್ಯಾದ ಜಕಾರ್ತದಲ್ಲಿದೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಈ ಅಧ್ಯಯನಕ್ಕೆ ಸೇರಿದ ಅಧ್ಯಾಪಕರ ಸಂಘವೊಂದಿದ್ದು, ಅದು ವಿದ್ಯಾರ್ಥಿಗಳ ಪ್ರಬಂಧಗಳಿಗೆ ಬಹುಮಾನ ಕೊಡುತ್ತಾ ಬಂದಿದೆ.

ಅಂಗಡಿಯಲ್ಲಿ ಇಂಗ್ಲಿಷಿಗೆ ಜಾರುವ ಜನ, ಹೊರಗಿನವರು ತಮ್ಮ ಭಾಷೆಯಲ್ಲಿ ಬರೆದ ಪ್ರಬಂಧಕ್ಕೆ ಬಹುಮಾನ ಇಡುತ್ತಾರೆ. ಮೊದಲು ನನಗೆ ಇದು ವಿಚಿತ್ರವೆನಿಸಿತ್ತು. ಯೋಚಿಸಿದಾಗ ಅದರಲ್ಲಿ ಜಾಣತನ ಕಂಡಿತು. ಮನೆಯವರು ಹೇಗೂ ಆಡುತ್ತಾರೆ. ಕಟ್ಟುಪಾಡಿಲ್ಲದೆ, ಹೊಟ್ಟೆಪಾಡಿನ ಒತ್ತಾಯವೂ ಇಲ್ಲದೆ ದೂರದಿಂದ ಬಂದು ಕಲಿಯುವವನು ಅಪರೂಪದ ನೆಂಟ. ಅವನನ್ನು ಅಂಗಳದಲ್ಲೇ ನಿಲ್ಲಿಸಿ ಕಳಿಸಬಾರದಲ್ಲ.

ಕಲಿಯುವವರಿಗೆ ಆ ಭಾಷೆ ಸುಲಭವೇನಲ್ಲ. ನಾಮಪದದ ಹಿಂದೆ ‘ಡೆ’ ಅಥವಾ ‘ಹೆಟ್’ ಎಂಬ ಎರಡು ಪುಟ್ಟ ಪದಗಳಲ್ಲಿ ಒಂದನ್ನು ಹಾಕಬೇಕು. ಯಾವುದಕ್ಕೆ ಯಾವುದು ಎನ್ನಲು ಕೆಲವು ನಿಯಮಗಳಿವೆ, ಉಳಿದದ್ದೆಲ್ಲ ಬಾಯಿಪಾಠ. ಇಪ್ಪತ್ತು ವರ್ಷ ಅಲ್ಲೇ ಇದ್ದವರೂ ಇದರಲ್ಲಿ ಎಡವುತ್ತಾರೆ. ಕಿತಾಬ್ ಸ್ತ್ರೀಲಿಂಗ, ಕಲಮ್ ಪುಲ್ಲಿಂಗ ಎಂದು ಉರ್ದು ಕಲಿಯುವ ಕನ್ನಡದ ಮಕ್ಕಳು ಒದ್ದಾಡುವುದನ್ನು ನಾನು ದಿನವೂ ನೋಡುತ್ತೇನೆ. ಅದೇ ಸಂಕಟ. ಒಂದು ಸಮಾಧಾನವೆಂದರೆ ಡಚ್ಚಿನ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮ ಕನ್ನಡ, ಉರ್ದುಗಳ ಹಾಗೆ. ಇಂಗ್ಲಿಷರಿಗೆ ಕಷ್ಟವಾದದ್ದು ನಮಗೆ ಸಲೀಸು.

ಇನ್ನು ಉರ್ದು ಶಿಕ್ಷಕಿಯಾಗಿ ನನ್ನನ್ನು ಬೆರಗುಗೊಳಿಸಿದ ಸಂಗತಿ ಹೇಳುತ್ತೇನೆ. ಉರ್ದು, ಹಿಂದಿ ಎರಡಕ್ಕೂ ತಾಯಿಯಂತಿದ್ದ ಹಿಂದೂಸ್ತಾನಿ ಭಾಷೆಗೆ ನಮಗೆ ದೊರೆತಿರುವ ಅತಿ ಹಳೆಯ ವ್ಯಾಕರಣ ಯಾವ ಭಾಷೆಯಲ್ಲಿದೆ? ಪಾರಸಿಯಲ್ಲೂ ಅಲ್ಲ, ಇಂಗ್ಲಿಷಿನಲ್ಲೂ ಅಲ್ಲ, ಡಚ್ಚಿನಲ್ಲಿ. ಬರೆದವರು ಜೋನ್ ಯೋಸುವಾ ಕೆಟೆಲಾರ್. 1698ರಲ್ಲಿ ಲಖನೌದಲ್ಲಿ ಮಾಡಿದ ಅದರ ಹಸ್ತಪ್ರತಿಯೊಂದು ಈಗ ಹೇಗ್ ನಗರದ ರಾಷ್ಟ್ರೀಯ ದಫ್ತರದಲ್ಲಿದೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ಸೂರತ್ತಿಗೆ ಬಂದ ಕೆಟೆಲಾರ್, ವ್ಯಾಪಾರಕ್ಕೆ ಬೇಕಾದ ಮಾತು ಕಲಿಯುತ್ತಾ ಕಲಿಯುತ್ತಾ ಹಿಂದೂಸ್ತಾನಿ ಮತ್ತು ಪಾರಸಿಗಳ ಕೈಪಿಡಿ ಬರೆದರು. ಮುಂದೆ ಕಂಪನಿಯ ರಾಯಭಾರಿಯಾಗಿ ಲಾಹೋರಿನಲ್ಲಿದ್ದ ಮೊಗಲ್ ದರ್ಬಾರಿಗೂ ಹೋದರು. ಸ್ವಾರಸ್ಯವೆಂದರೆ ಕೆಟೆಲಾರ್ ಹುಟ್ಟಾ ಡಚ್ಚರಲ್ಲ. ಇಂದು ಪೋಲೆಂಡಿನಲ್ಲಿರುವ ಎಲ್ಬಿಂಗ್ ಎಂಬ ಊರಿನ, ಜರ್ಮನ್ ಮಾತನಾಡುವ ಬುಕ್‌ಬೈಂಡರ್ ಒಬ್ಬರ ಮಗ. ಡಚ್ ಅವರಿಗೆ ಕಲಿತ ಭಾಷೆ, ಹಿಂದೂಸ್ತಾನಿಯೂ ಕಲಿತ ಭಾಷೆ. ನಮ್ಮ ಮನೆಯ ಮಾತಿಗೆ ಮೊದಲ ವ್ಯಾಕರಣ ಹೀಗೆ ಎರಡು ಸಲ ಪರಕೀಯನಾದ ಒಬ್ಬ ಮನುಷ್ಯನಿಂದ ಬಂತು.

ನಮ್ಮ ನಾಡಿಗೂ ಡಚ್ಚಿನೊಡನೆ ನಂಟಿದೆ. ಅದನ್ನು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕು. ಹೈದರಾಲಿಯ ಕಾಲದಲ್ಲಿ ಕೊಚ್ಚಿ ಡಚ್ಚರ ಕೈಯಲ್ಲಿತ್ತು. ಅಲ್ಲಿ 1771ರಿಂದ 1781ರವರೆಗೆ ಅಧಿಕಾರದಲ್ಲಿದ್ದ ಆಡ್ರಿಯಾನ್ ಮೂನ್ಸ್, ತಮ್ಮ ನಂತರ ಬರುವ ಅಧಿಕಾರಿಗಾಗಿ ಬರೆದಿಟ್ಟ ದೀರ್ಘ ವರದಿಯಲ್ಲಿ ಹೈದರನ ವಿಷಯವಿದೆ. 1789ರಲ್ಲಿ ಡಚ್ಚರು ಕೊಡುಂಗಲ್ಲೂರಿನ ಕೋಟೆಯನ್ನು ತಿರುವಾಂಕೂರಿಗೆ ಮಾರಿದ್ದು ಟಿಪ್ಪುವಿನ ಮೂರನೆಯ ಮೈಸೂರು ಯುದ್ಧಕ್ಕೆ ಕಾರಣಗಳಲ್ಲಿ ಒಂದು. ಆ ಯುದ್ಧದ ಕಥೆಯನ್ನು ನಾವು ಹೆಚ್ಚಾಗಿ ಇಂಗ್ಲಿಷರ ಕಾಗದಗಳಿಂದಲೇ ಓದುತ್ತೇವೆ. ಗೆದ್ದವರ ಸಾಕ್ಷಿ ಒಂದೇ ಸಾಕೆ? ಕೊಚ್ಚಿಯ ಡಚ್ ಕಡತಗಳು ಚೆನ್ನೈನ ದಫ್ತರದಲ್ಲಿವೆ. ಒಂದು ರಾತ್ರಿಯ ರೈಲು ಪ್ರಯಾಣ, ಅಷ್ಟೇ. 2000ದ ಸುಮಾರಿಗೆ ಲೈಡನ್ ವಿಶ್ವವಿದ್ಯಾಲಯ ಏಷ್ಯಾದ ಯುವ ಸಂಶೋಧಕರನ್ನು ಕರೆಸಿ, ಹಳೆಯ ಡಚ್ ಓದಲು ಕಲಿಸಿ, ಇಂಥ ಕಾಗದಗಳ ಮೇಲೆ ಕೆಲಸ ಮಾಡಿಸಿತು. ಭಾರತದಿಂದಲೂ ವಿದ್ಯಾರ್ಥಿಗಳು ಹೋಗಿದ್ದರು. ಬಿ.ಎ.ಯಲ್ಲಿ ಇತಿಹಾಸ ಓದುತ್ತಿರುವ ಮಕ್ಕಳು ಇಲ್ಲಿ ನಾಲ್ಕಾರು ಜನ ಕಾಣುತ್ತಿದ್ದೀರಿ. ನಿಮಗೆ ಈ ಮಾತು.

ಈಗ ಪ್ರಬಂಧಕ್ಕೆ ಬರುತ್ತೇನೆ. ಹೊರದೇಶದಲ್ಲಿ ಡಚ್ ಕಲಿತವರು ಬರೆದದ್ದರಲ್ಲಿ ನನ್ನ ಮಟ್ಟಿಗೆ ಅತಿ ದೊಡ್ಡವು ಎಂದರೆ ಜಾವಾ ದ್ವೀಪದ ಇಬ್ಬರ ಬರಹಗಳು. ಇಬ್ಬರಿಗೂ ಯಾರೂ ಬಹುಮಾನ ಕೊಡಲಿಲ್ಲ.

ಮೊದಲನೆಯವಳು ಕಾರ್ತಿನಿ. 1879ರಲ್ಲಿ ಜಾವಾದ ಒಂದು ಪ್ರತಿಷ್ಠಿತ ಮುಸ್ಲಿಂ ಮನೆತನದಲ್ಲಿ ಹುಟ್ಟಿದವಳು. ತಂದೆ ಜೆಪಾರಾ ಪ್ರಾಂತದ ಅಧಿಕಾರಿ. ಹನ್ನೆರಡು ವರ್ಷದವರೆಗೆ ಡಚ್ ಶಾಲೆಗೆ ಕಳಿಸಿದರು. ಆಮೇಲೆ ಮನೆತನದ ಪದ್ಧತಿಯಂತೆ ಹೊರಗೆ ಹೋಗುವುದು ನಿಂತಿತು. ಗೋಡೆಯೊಳಗಿದ್ದ ಹುಡುಗಿಗೆ ಉಳಿದದ್ದು ಶಾಲೆಯಲ್ಲಿ ಕಲಿತ ಡಚ್ ಒಂದೇ. ಪುಸ್ತಕ, ಪತ್ರಿಕೆ ತರಿಸಿ ಓದಿದಳು. 1899ರಲ್ಲಿ ಹಾಲೆಂಡಿನ ಮಹಿಳಾ ಪತ್ರಿಕೆಯೊಂದರಲ್ಲಿ ‘ಪತ್ರ ಸ್ನೇಹಿತೆ ಬೇಕು’ ಎಂದು ಪ್ರಕಟಣೆ ಹಾಕಿಸಿದಳು. ಸ್ಟೆಲ್ಲಾ ಝೇಹಾಂಡೆಲಾರ್ ಎಂಬ ಯುವತಿ ಉತ್ತರ ಬರೆದಳು. ಅಲ್ಲಿಂದ ಶುರುವಾದ ಪತ್ರಗಳಲ್ಲಿ ಹೆಣ್ಣುಮಕ್ಕಳ ಓದು, ಬಹುಪತ್ನಿತ್ವ, ಆಳುವವರ ದರ್ಪ, ಎಲ್ಲವೂ ಬಂದಿದೆ. ಅದೇ 1899ರಲ್ಲಿ ಜಾವಾದ ಕೋಜಾ ಜನರ, ಅಂದರೆ ಹಿಂದೂಸ್ತಾನದ ಮೂಲದಿಂದ ಅಲ್ಲಿಗೆ ಹೋಗಿ ನೆಲೆಸಿದ ಮುಸ್ಲಿಮರ, ಮದುವೆ ಪದ್ಧತಿಯ ಮೇಲೆ ಆಕೆ ಬರೆದ ಲೇಖನ ಹಾಲೆಂಡಿನ ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಯಿತು. ಹೆಸರು ಮಾತ್ರ ತಂದೆಯದು.

ಹಾಲೆಂಡಿಗೆ ಹೋಗಿ ಓದಬೇಕೆಂಬುದು ಆಕೆಯ ಆಸೆ. ಬಂಧುಗಳು, ಹಿತೈಷಿಗಳು ಬೇಡವೆಂದರು. ಕಡೆಗೆ ಜಾವಾದಲ್ಲೇ ಶಿಕ್ಷಕಿಯ ತರಬೇತಿಗೆ ಸರ್ಕಾರದ ಸಹಾಯಧನ ಮಂಜೂರಾಯಿತು. ಆದರೆ ಆ ಹೊತ್ತಿಗೆ ಮದುವೆ ಗೊತ್ತಾಗಿತ್ತು. ಆಗ ಆಕೆ ಮಾಡಿದ ಕೆಲಸ ಕೇಳಿ. ಆ ಹಣವನ್ನು ಸಾಲಿಮ್ ಎಂಬ ಬುದ್ಧಿವಂತ ಹುಡುಗನ ಓದಿಗೆ ಕೊಡಿ ಎಂದು ಬರೆದಳು. ಆ ಹುಡುಗನನ್ನು ಆಕೆ ಕಂಡವಳೂ ಅಲ್ಲ. ಪ್ರೌಢಶಾಲೆಯ ಪರೀಕ್ಷೆಯಲ್ಲಿ ಮೊದಲಿಗನಾಗಿದ್ದಾನೆ, ಮುಂದೆ ಓದಲು ಹಣವಿಲ್ಲ ಎಂದಷ್ಟೇ ಗೊತ್ತು. ಆತನೇ ಮುಂದೆ ಸ್ವತಂತ್ರ ಇಂಡೋನೇಷ್ಯಾದ ವಿದೇಶಾಂಗ ಮಂತ್ರಿಯಾದ ಹಾಜಿ ಆಗುಸ್ ಸಾಲಿಮ್. ಕಾರ್ತಿನಿ 1904ರಲ್ಲಿ, ಮಗ ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಆಗ ವಯಸ್ಸು 25. ಪತ್ರಗಳು 1911ರಲ್ಲಿ ಪುಸ್ತಕವಾದವು. ಆಕೆಯ ಹೆಸರಿನಲ್ಲಿ ನಿಧಿ ಕೂಡಿತು, ಹೆಣ್ಣುಮಕ್ಕಳ ಶಾಲೆಗಳು ತೆರೆದವು. ಇಂದಿಗೂ ಏಪ್ರಿಲ್ 21 ಇಂಡೋನೇಷ್ಯಾದಲ್ಲಿ ಕಾರ್ತಿನಿ ದಿನ.

ಎರಡನೆಯವರು ಸುವರ್ಡಿ ಸುರ್ಯನಿಂಗ್ರಾಟ್. 1913ರಲ್ಲಿ ಅವರಿಗೆ 24 ವರ್ಷ. ನೆಪೋಲಿಯನ್ನನ ಫ್ರಾನ್ಸಿನಿಂದ ಹಾಲೆಂಡ್ ಬಿಡುಗಡೆಯಾಗಿ ಆ ವರ್ಷಕ್ಕೆ ನೂರು ವರ್ಷ. ತಾವು ಆಳುತ್ತಿದ್ದ ಜಾವಾದಲ್ಲಿಯೂ ಡಚ್ಚರು ಸ್ವಾತಂತ್ರ್ಯದ ಹಬ್ಬ ಆಚರಿಸಲು ಹೊರಟರು. ಅದಕ್ಕೆ ಸ್ಥಳೀಯ ಜನರಿಂದಲೂ ಚಂದಾ ಎತ್ತತೊಡಗಿದರು. ಆ ಜುಲೈ ತಿಂಗಳಲ್ಲಿ ಸುವರ್ಡಿ ಬಾಂಡುಂಗ್ ನಗರದ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ಅದರ ಹೆಸರು ‘ನಾನೊಬ್ಬ ಡಚ್ಚನಾಗಿದ್ದರೆ’. ಬರೆದದ್ದು ಡಚ್ ಭಾಷೆಯಲ್ಲೇ.

ಮಕ್ಕಳೆ, ಈ ಶೀರ್ಷಿಕೆ ಕೇಳಿ ನಿಮಗೆ ಏನು ನೆನಪಾಯಿತು? ‘ನಾನು ಪ್ರಧಾನಮಂತ್ರಿಯಾಗಿದ್ದರೆ’, ‘ನಾನು ಹಕ್ಕಿಯಾಗಿದ್ದರೆ’. ಏಳನೆ ತರಗತಿಯಿಂದ ಎಸ್.ಎಸ್.ಎಲ್.ಸಿ.ವರೆಗೆ ನಾವು ನಿಮ್ಮಿಂದ ಬರೆಸುವ ಅದೇ ಪ್ರಬಂಧ. ‘ಆಗಿದ್ದರೆ’ ಎಂಬುದನ್ನು ನಾವು ವ್ಯಾಕರಣದ ಪಾಠವೆಂದು ಕಲಿಸುತ್ತೇವೆ. ಸುವರ್ಡಿ ಅದನ್ನು ಹೇಗೆ ಬಳಸಿದರು ನೋಡಿ. ಬೈಗುಳವಿಲ್ಲ, ಕೂಗಾಟವಿಲ್ಲ. ನಾನು ಡಚ್ಚನಾಗಿದ್ದರೆ, ನಾವೇ ಸ್ವಾತಂತ್ರ್ಯ ಕಸಿದುಕೊಂಡ ಜನರ ನೆಲದಲ್ಲಿ ನಮ್ಮ ಸ್ವಾತಂತ್ರ್ಯದ ಹಬ್ಬ ಮಾಡಲು ನಾಚಿಕೊಳ್ಳುತ್ತಿದ್ದೆ. ಆ ಜನರ ಕಿಸೆಯಿಂದಲೇ ಹಬ್ಬದ ಖರ್ಚು ಕೇಳುತ್ತಿರಲಿಲ್ಲ. ಇನ್ನೂ ಒಂದು, ನಾನು ಡಚ್ಚನಾಗಿದ್ದರೆ ಈ ಹಬ್ಬ ಅಪಾಯವೆಂದೂ ಯೋಚಿಸುತ್ತಿದ್ದೆ, ನೋಡಿದವರಿಗೂ ಸ್ವಾತಂತ್ರ್ಯದ ಆಸೆ ಹುಟ್ಟಬಹುದಲ್ಲ! ಅದರ ಸಾರಾಂಶ ಇದು, ಮಾತುಗಳು ನನ್ನವು.

ಶಾಲೆಯಲ್ಲಿ ಕಲಿಸಿದ ವ್ಯಾಕರಣವನ್ನು ಹುಡುಗ ಸರಿಯಾಗಿ ಕಲಿತಿದ್ದ. ಮೇಷ್ಟ್ರುಗಳಿಗೆ ಅದೇ ತಡೆಯಲಿಲ್ಲ. ಪ್ರಬಂಧ ಮಲಯ ಭಾಷೆಗೂ ಅನುವಾದವಾಯಿತು. ಸರ್ಕಾರ ಸುವರ್ಡಿಯನ್ನೂ ಅವರ ಇಬ್ಬರು ಸಂಗಾತಿಗಳನ್ನೂ ಗಡಿಪಾರು ಮಾಡಿತು. ದೂರದ ದ್ವೀಪಗಳಿಗೆ ಕಳಿಸಬೇಕೆಂದಿದ್ದವರು, ಅವರ ಕೋರಿಕೆಯ ಮೇರೆಗೆ ಹಾಲೆಂಡಿಗೆ ಕಳಿಸಿದರು. ಡಚ್ಚನಾಗಿದ್ದರೆ ಎಂದು ಬರೆದ ತಪ್ಪಿಗೆ ಡಚ್ಚರ ದೇಶಕ್ಕೇ ಹೋಗಿ ಇರಬೇಕಾಯಿತು. ಅಲ್ಲಿ ಅವರು ಸುಮ್ಮನೆ ಕೂರಲಿಲ್ಲ. 1915ರಲ್ಲಿ ಶಿಕ್ಷಕ ತರಬೇತಿಯ ಪ್ರಮಾಣಪತ್ರ ಪಡೆದರು. ನಮ್ಮ ಬಿ.ಎಡ್. ಇದ್ದ ಹಾಗೆ ಎಂದುಕೊಳ್ಳಿ. ಈ ಸಾಲು ಓದಿದಾಗ ನನಗಾದ ಸಂತೋಷವನ್ನು ಇಲ್ಲಿರುವ ಶಿಕ್ಷಕರು ಅರ್ಥ ಮಾಡಿಕೊಳ್ಳುತ್ತಾರೆ. 1919ರಲ್ಲಿ ಊರಿಗೆ ಮರಳಿದರು. 1922ರಲ್ಲಿ ಯೋಗ್ಯಕರ್ತದಲ್ಲಿ ‘ತಮನ್ ಸಿಸ್ವಾ’ ಎಂಬ ಶಾಲೆ ತೆರೆದರು. ಅದು ನಾಡಿನ ತುಂಬ ಹಬ್ಬಿತು. ಕಿ ಹಜಾರ್ ದೇವಾಂತರ ಎಂದು ಹೆಸರು ಬದಲಿಸಿಕೊಂಡು, ಸ್ವತಂತ್ರ ಇಂಡೋನೇಷ್ಯಾದ ಮೊದಲ ಶಿಕ್ಷಣ ಮಂತ್ರಿಯಾದರು. ಅವರು ಹುಟ್ಟಿದ ಮೇ 2 ಅಲ್ಲಿ ಶಿಕ್ಷಣ ದಿನ.

ನಮ್ಮ ಕಾಲದವರೊಬ್ಬರನ್ನೂ ಹೆಸರಿಸುತ್ತೇನೆ. ಇರಾನಿನ ಕಾದರ್ ಅಬ್ದುಲ್ಲಾ 1988ರಲ್ಲಿ ನಿರಾಶ್ರಿತರಾಗಿ ನೆದರ್ಲೆಂಡ್ಸಿಗೆ ಬಂದಾಗ ಮೂವತ್ತು ದಾಟಿತ್ತು. ಚಿಕ್ಕ ಮಕ್ಕಳ ಕಥೆ ಪುಸ್ತಕ ಹಿಡಿದು ಡಚ್ ಕಲಿತರು. ಐದೇ ವರ್ಷದಲ್ಲಿ ಡಚ್ಚಿನಲ್ಲೇ ಕಥಾಸಂಕಲನ ತಂದರು. ಮಸೀದಿಯ ಪಕ್ಕದ ಒಂದು ಮನೆತನದ ಕಥೆಯಾದ ಅವರ 2005ರ ಕಾದಂಬರಿಯನ್ನು, 2007ರಲ್ಲಿ ಪತ್ರಿಕೆಯೊಂದರ ಓದುಗರು ಡಚ್ಚಿನ ಸರ್ವಶ್ರೇಷ್ಠ ಕಾದಂಬರಿಗಳಲ್ಲಿ ಎರಡನೆಯದೆಂದು ಆರಿಸಿದರು. ಅವರ ‘ಡೆ’, ‘ಹೆಟ್’ ಎಲ್ಲ ಸರಿಯಿತ್ತೆ ಎಂದು ಲೆಕ್ಕ ಹಾಕುತ್ತಾ ಕುಳಿತಿದ್ದರೆ ಆ ಪುಸ್ತಕ ಎಲ್ಲಿ ಬರುತ್ತಿತ್ತು?

ಇದನ್ನೆಲ್ಲ ಓದುವಾಗ ನನ್ನನ್ನು ಚುಚ್ಚಿದ ಒಂದು ನೆನಪಿದೆ. ಈ ವೇದಿಕೆಯಲ್ಲಿ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಳಿಬಿಡುತ್ತೇನೆ. ಏಳೆಂಟು ವರ್ಷದ ಹಿಂದೆ ಒಂದು ಶಾಲೆಯಲ್ಲಿ ‘ಮಳೆಗಾಲ’ ಎಂಬ ವಿಷಯದ ಮೇಲೆ ಕನ್ನಡ ಪ್ರಬಂಧ ಸ್ಪರ್ಧೆ. ತೀರ್ಪುಗಾರಳು ನಾನೊಬ್ಬಳೇ. ಎಂಟನೆ ತರಗತಿಯ ಒಂದು ಹುಡುಗಿ, ಮನೆಯಲ್ಲಿ ಉರ್ದು, ಶುರುವಿನಿಂದ ಕೊನೆಯವರೆಗೆ ‘ಮಲೆಗಾಲ’ ಎಂದೇ ಬರೆದಿದ್ದಳು. ಹಣ್ಣು ‘ಹನ್ನು’ ಆಗಿತ್ತು, ಒಣಗುವುದು ‘ಒನಗುವುದು’ ಆಗಿತ್ತು. ಉರ್ದುವಿನಲ್ಲಿ ಳಕಾರ, ಣಕಾರ ಇಲ್ಲ, ನಮ್ಮ ಮಕ್ಕಳ ನಾಲಿಗೆಗೆ ಅವು ತಡವಾಗಿ ಬರುತ್ತವೆ. ಇದು ನನಗೆ ಗೊತ್ತಿರದ ವಿಷಯವೇ? ನಾನೂ ಅದೇ ದಾರಿಯಲ್ಲಿ ಬಂದವಳು. ಆದರೂ ಕೆಂಪು ಪೆನ್ನು ತೆಗೆದುಕೊಂಡು ಸುತ್ತು ಹಾಕುತ್ತಾ ಹೋದೆ. ಪುಟವೆಲ್ಲ ಕೆಂಪಾಯಿತು. ಇನ್ನೊಬ್ಬ ಹುಡುಗನ ಪ್ರಬಂಧ ಮುತ್ತು ಪೋಣಿಸಿದಂತಿತ್ತು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಲ್ಲ ಇತ್ತು. ಮಳೆ ಪ್ರಕೃತಿಯ ವರದಾನ ಎಂದು ಶುರುವಾಗಿತ್ತು. ಅವನಿಗೆ ಮೊದಲ ಬಹುಮಾನ ಕೊಟ್ಟೆ. ಹುಡುಗಿಗೆ ಸಮಾಧಾನಕರ ಬಹುಮಾನವೂ ಬರಲಿಲ್ಲ.

ಮರುವರ್ಷ ಒಂದು ಗೈಡಿನಲ್ಲಿ ಆ ವರದಾನದ ಪ್ರಬಂಧವನ್ನು ಇದ್ದಂತೆಯೇ ಕಂಡೆ. ಹುಡುಗನ ತಪ್ಪೆಂದು ನಾನು ಹೇಳಲಾರೆ, ಕಂಠಪಾಠ ಮಾಡು ಎಂದು ಹೇಳಿಕೊಟ್ಟವರು ನಾವೇ. ಆಗ ಆ ಹುಡುಗಿ ಬರೆದದ್ದು ನೆನಪಿಗೆ ಬಂತು. ಅವಳ ಅಮ್ಮಿ ಮನೆಯಲ್ಲಿ ಅಗರಬತ್ತಿ ಹೊಸೆಯುತ್ತಿದ್ದರು. ಮಳೆ ಹಿಡಿದರೆ ಬತ್ತಿ ಒಣಗುವುದಿಲ್ಲ, ಒಣಗದಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕೂಲಿ ಇಲ್ಲ. ಅದಕ್ಕೆ ಮನೆಯಲ್ಲಿರುವ ಒಂದೇ ಮಂಚದ ಮೇಲೆ ಬತ್ತಿಗಳನ್ನು ಹರಡಿ, ಎಲ್ಲರೂ ನೆಲದ ಮೇಲೆ ಮಲಗುತ್ತಾರೆ ಎಂದು ಬರೆದಿದ್ದಳು. ಮಳೆಯ ವಾಸನೆ ಎಲ್ಲರಿಗೂ ಮಣ್ಣಿನದು, ನಮಗೆ ಹಸಿ ಅಗರಬತ್ತಿಯದು ಎಂಬ ಅರ್ಥದ ಒಂದು ವಾಕ್ಯವಿತ್ತು. ಆ ವಾಕ್ಯದಲ್ಲೂ ನಾನು ಎರಡು ಕಡೆ ಸುತ್ತು ಹಾಕಿದ್ದೆ. ಆ ಹೊತ್ತಿಗೆ ಹುಡುಗಿ ಶಾಲೆ ಬಿಟ್ಟಿದ್ದಳು. ಉತ್ತರ ಪತ್ರಿಕೆಗಳು ರದ್ದಿಗೆ ಹೋಗಿದ್ದವು.

ಅದಕ್ಕೇ ಈ ಸಲ ಸಂಘದವರು ತೀರ್ಪುಗಾರರಾಗಿ ಬನ್ನಿ ಎಂದಾಗ ನಾನು ಎರಡು ಷರತ್ತು ಹಾಕಿದೆ. ಅಧ್ಯಕ್ಷರು ನಗುತ್ತಿದ್ದಾರೆ, ಅವರಿಗೆ ಗೊತ್ತು. ಒಂದು, ಕಾಗುಣಿತಕ್ಕೆ ನೂರರಲ್ಲಿ ಹತ್ತೇ ಅಂಕ. ಎರಡು, ವಿಷಯವನ್ನು ಸ್ಪರ್ಧೆಯ ದಿನ ಬೆಳಿಗ್ಗೆ ಹೇಳಬೇಕು, ಅದು ಯಾವ ಗೈಡಿನಲ್ಲೂ ಇರಬಾರದು. ಎರಡನ್ನೂ ಒಪ್ಪಿದರು. ‘ನಮ್ಮ ಮನೆಯ ಬಾಗಿಲು’ ಎಂಬ ವಿಷಯ ಕೊಟ್ಟೆವು. ಮೊದಲ ಹದಿನೈದು ನಿಮಿಷ ಮಕ್ಕಳು ಪೆನ್ನು ಕಚ್ಚುತ್ತಾ ಕುಳಿತಿದ್ದರು. ನಮ್ಮ ಮೇಲೆ ಸಿಟ್ಟೂ ಬಂದಿರಬೇಕು. ಕೆಲವು ತಂದೆ ತಾಯಿಯರು ದೂರು ಕೊಟ್ಟದ್ದೂ ಉಂಟು, ಮಕ್ಕಳು ಹತ್ತು ಪ್ರಬಂಧ ಬಾಯಿಪಾಠ ಮಾಡಿಕೊಂಡು ಬಂದಿದ್ದರು, ಎಲ್ಲ ವ್ಯರ್ಥವಾಯಿತು ಎಂದು. ಕ್ಷಮೆ ಇರಲಿ.

ಕೊನೆಗೆ ಒಟ್ಟು 61 ಪ್ರಬಂಧಗಳು ಬಂದವು, ಕನ್ನಡದಲ್ಲಿ 38, ಉರ್ದುವಿನಲ್ಲಿ 23. ಕನ್ನಡದ ಪ್ರಬಂಧಗಳಲ್ಲಿ ಬಾಗಿಲು ಹನ್ನೊಂದು ಕಡೆ ‘ಭಾಗಿಲು’ ಆಗಿದೆ. ಓದಿದ್ದೇವೆ, ದಾಟಿ ಒಳಗೆ ಹೋಗಿದ್ದೇವೆ. ಗೆದ್ದವರ ಪಟ್ಟಿ ಕಾರ್ಯದರ್ಶಿಗಳ ಕೈಯಲ್ಲಿದೆ. ಮೊದಲ ಬಹುಮಾನ ಬಂದ ಪ್ರಬಂಧವನ್ನು ಬರೆದವರೇ ಇಲ್ಲಿ ಓದಬೇಕೆಂದು ತೀರ್ಮಾನಿಸಿದ್ದೇವೆ. ನಾಲ್ಕು ಪುಟವಿದೆ, ದಯವಿಟ್ಟು ಯಾರೂ ಊಟಕ್ಕೆ ಏಳಬೇಡಿ. ನನಗೆ ಕೊಟ್ಟ ಹತ್ತು ನಿಮಿಷ ಯಾವಾಗಲೋ ಮುಗಿದಿದೆ. ಕಾರ್ಯದರ್ಶಿಗಳೆ, ಬನ್ನಿ.